ಪರಭಾಷೆಯ ಉಚ್ಚಾರಣೆಯೂ ಎಳೆಯರ ಶಿಕ್ಷಣವೂ

ವೇದಾವತೀ ತೀರದ ಹಿರಿಯೂರು ಸೀಮೆಗೆ ಪರಭಾಷಾಭ್ಯಾಸವು ಹೊಸದಲ್ಲ. ಆಂಧ್ರದ ಗಡಿಗೆ ಸಮೀಪವಾದ ಈ ಪ್ರಾಂತದಲ್ಲಿ ಮನೆಯಲ್ಲಿ ತೆಲುಗನ್ನಾಡುವ ಮಕ್ಕಳು ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತ ಬಂದಿದ್ದಾರೆ. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬೋಧನೆಯು ಆರಂಭವಾಗಲು, ಆ ಎಳೆಯ ನಾಲಗೆಗಳಿಗೆ ಇನ್ನೊಂದು ಭಾಷೆಯ ಹೊರೆಯೂ ಬಂದಿತು. ತಪ್ಪಿ ನುಡಿದ ಮಗುವನ್ನು ಕಂಡು ತರಗತಿಯೆಲ್ಲ ನಕ್ಕರೆ, ಆ ಮಗು ಮರುದಿನ ಬಾಯಿಯನ್ನೇ ತೆರೆಯದು. ಆದುದರಿಂದ ಉಚ್ಚಾರಣೆಯನ್ನು ತಿದ್ದುವ ಕ್ರಮವಾವುದೆಂಬುದು ಸಣ್ಣ ಪ್ರಶ್ನೆಯಲ್ಲ.

ಪ್ರಾಚೀನರು ಶುದ್ಧೋಚ್ಚಾರಣೆಯನ್ನು ‘ಶಿಕ್ಷಾ’ ಎಂಬ ಹೆಸರಿನಿಂದ ವೇದಾಂಗಗಳಲ್ಲಿ ಒಂದೆಂದು ಎಣಿಸಿದರು. ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನಗಳೆಂಬ ಆರು ಅಂಗಗಳನ್ನು ತೈತ್ತಿರೀಯ ಉಪನಿಷತ್ತು ಹೆಸರಿಸುತ್ತದೆ. ಪಾಣಿನೀಯ ಶಿಕ್ಷೆಯಾದರೋ ಬರೆದುದನ್ನು ನೋಡಿಕೊಂಡು ಓದುವವನನ್ನೂ ಅರ್ಥವನ್ನರಿಯದೆ ಓದುವವನನ್ನೂ ಅಧಮ ಪಾಠಕರ ಸಾಲಿಗೆ ಸೇರಿಸಿದೆ. ಹದಿಮೂರನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಶಬ್ದವು ಹುಟ್ಟುವ ಬಗೆಯನ್ನು ಮೊದಲಲ್ಲಿಯೇ ವಿವರಿಸಿದನು. ಮೊದಲು ಕಿವಿ, ಅನಂತರ ನಾಲಗೆ, ಕೊನೆಗೆ ಕಣ್ಣು. ಇದೇ ಪಾಠಶಾಲೆಗಳ ಸಂಪ್ರದಾಯ. ಮಾತಿನಲ್ಲಿ ಮಹಾಪ್ರಾಣವು ಸವೆದುಹೋಗಿದ್ದ ಕನ್ನಡದ ವಟುವಿಗೂ ಸಂಸ್ಕೃತದ ಶುದ್ಧಿಯು ಲಭಿಸಿದ್ದು ಈ ಕ್ರಮದಿಂದಲೇ.

ಇಂಗ್ಲಿಷು ಮಾತ್ರ ಬಹುಮಟ್ಟಿಗೆ ಪುಸ್ತಕದ ಮೂಲಕ ಬಂದಿತು. ಆ ಲಿಪಿಗೂ ಧ್ವನಿಗೂ ಹೊಂದಿಕೆ ಸಾಲದು. ‘ಪುಟ್’, ‘ಬಟ್’ ಎಂಬೆರಡು ಮಾತುಗಳಲ್ಲಿ ಒಂದೇ ಸ್ವರಾಕ್ಷರವು ಎರಡು ಬಗೆಯಾಗಿ ನುಡಿಯುತ್ತದೆ. ಕಣ್ಣಿನಿಂದ ಕಲಿತ ಮಗು ಕನ್ನಡದ ಪದ್ಧತಿಯಂತೆ ‘ಇಸ್ಕೂಲು’, ‘ಆಪೀಸು’ ಎಂದಿತು. ಕನ್ನಡದಲ್ಲಿ ಇವು ದೋಷಗಳಲ್ಲ. ಪರಭಾಷೆಯ ಶಬ್ದವನ್ನು ತನ್ನದಾಗಿಸಿಕೊಳ್ಳುವ ಭಾಷೆಯ ಸಹಜ ಧರ್ಮ. ಇಂಗ್ಲಿಷನ್ನೇ ಆಡುವಾಗ ಮಾತ್ರ ಇವುಗಳನ್ನು ತಿದ್ದಿಕೊಳ್ಳಬೇಕಾಗುವುದು.

ಈ ತೊಡಕು ಯೂರೋಪಿನಲ್ಲಿಯೂ ಇದ್ದಿತು. 1886ರಲ್ಲಿ ಪ್ಯಾರಿಸ್ ನಗರದಲ್ಲಿ ಪಾಲ್ ಪಾಸ್ಸಿಯೇ ಮೊದಲಾದ ಭಾಷಾಶಿಕ್ಷಕರು ಒಂದು ಸಂಘವನ್ನು ಸ್ಥಾಪಿಸಿದರು. ಧ್ವನಿಗೆ ತಕ್ಕ ಲಿಪಿಯಿಂದ ಮಕ್ಕಳಿಗೆ ಪರಭಾಷೆಯ ಉಚ್ಚಾರಣೆಯನ್ನು ಕಲಿಸುವುದು ಅದರ ಮುಖ್ಯೋದ್ದೇಶಗಳಲ್ಲೊಂದು. ಅದೇ ಮುಂದೆ ಅಂತರರಾಷ್ಟ್ರೀಯ ಧ್ವನಿಶಾಸ್ತ್ರ ಸಂಘವಾಯಿತು. ಭಾರತೀಯ ವೈಯಾಕರಣರ ನೆರವಿಲ್ಲದೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಧ್ವನಿಶಾಸ್ತ್ರವನ್ನು ಊಹಿಸುವುದೇ ಕಷ್ಟವೆಂದು ಲಂಡನ್ನಿನ ವಿದ್ವಾಂಸನಾದ ಫರ್ತ್ 1946ರಲ್ಲಿ ಒಪ್ಪಿಕೊಂಡನು.

ಹೀಗಿರಲು, ಹಿರಿಯೂರಿನ ಶಾಲೆಗೆ ಬೇಕಾದ ಉಪಕರಣವು ದೂರದಲ್ಲಿಲ್ಲ. ಕಂಠ, ತಾಲು, ಮೂರ್ಧ, ದಂತ, ಓಷ್ಠಗಳ ಕ್ರಮವು ಮಗು ಕಲಿಯುವ ವರ್ಣಮಾಲೆಯಲ್ಲಿಯೇ ಇದೆ. ಎರಡು ತುಟಿಗಳು ಕೂಡಿದರೆ ಪಕಾರ. ಕೆಳದುಟಿಯು ಮೇಲಿನ ಹಲ್ಲಿಗೆ ತಾಗಿ ಉಸಿರು ಹೊರಟರೆ ‘ಕಾಫಿ’ಯ ಇಂಗ್ಲಿಷ್ ಧ್ವನಿ. ಇಷ್ಟನ್ನು ತೋರಿಸಿದರೆ ಆರು ವರ್ಷದ ಬಾಲಕನೂ ಅರಿಯಬಲ್ಲನು. ಆಂಗ್ಲರ ಅನುಕರಣವೇ ಗುರಿಯಲ್ಲ. ಕೇಳಿದವರಿಗೆ ಮಾತು ಸ್ಪಷ್ಟವಾದರೆ ಸಾಕು.

ಹುಲಿಯು ಮರಿಗಳನ್ನು ಹಲ್ಲಿನಲ್ಲಿ ಹಿಡಿದೊಯ್ಯುವಾಗ ಬೀಳಿಸುವುದೂ ಇಲ್ಲ, ಗಾಯಗೊಳಿಸುವುದೂ ಇಲ್ಲ. ವರ್ಣಗಳನ್ನು ಹಾಗೆ ಉಚ್ಚರಿಸಬೇಕೆಂಬುದು ಶಿಕ್ಷಾಕಾರರ ಮತ. ವರ್ಣಗಳನ್ನು ಕಲಿಯಬಂದ ಮಗುವನ್ನು ನಡೆಸುವ ಗುರುವಿಗೂ ಈ ಮಾತು ಸಲ್ಲತಕ್ಕದ್ದು.