ಮಾತ್ರೆ ನುಂಗಿದ ಮೇಲೆ ಮೈಮೇಲೆ ಗುಳ್ಳೆ: ‘ಉಷ್ಣ’ ಅಂತ ಸುಮ್ಮನಿರಬೇಡಿ

ಔಷಧಿಯಿಂದ ಚರ್ಮಕ್ಕೆ ಆಗುವ ತೊಂದರೆಗಳಲ್ಲಿ ಜೀವಕ್ಕೇ ಕುತ್ತು ತರುವಂಥದ್ದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. ಬರೋದು ಅಪರೂಪ; ಆದರೆ ಬಂದವರಲ್ಲಿ ಸುಮಾರು 10ಕ್ಕೆ ಒಬ್ಬರು ಉಳಿಯೋದಿಲ್ಲ.

ಯಾವ ಔಷಧಿ: ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಯೂರಿಕ್ ಆಸಿಡ್‌ಗೆ ಅಲೊಪ್ಯೂರಿನಾಲ್, ಸಲ್ಫಾ ಮಾತ್ರೆ, ಕೆಲವು ನೋವಿನ ಮಾತ್ರೆ.

ಲಕ್ಷಣ: ಹೊಸ ಮಾತ್ರೆ ಶುರು ಮಾಡಿದ 4ರಿಂದ 28 ದಿನದೊಳಗೆ ಕಾಣಿಸೋದು ಜಾಸ್ತಿ. ಮೊದಲು ಜ್ವರ, ಗಂಟಲು ನೋವು, ಕಣ್ಣುರಿ. ಆಮೇಲೆ ಕೆಂಪು ಕಲೆ, ಬಾಯಲ್ಲಿ ಹುಣ್ಣು, ಗುಳ್ಳೆ ಎದ್ದು ಚರ್ಮ ಸುಲಿಯುತ್ತದೆ.

ಏನು ಮಾಡಬೇಕು: ಮುಂದಿನ ಡೋಸ್ ನುಂಗುವ ಮೊದಲೇ ಮಾತ್ರೆ ಶೀಟ್ ಹಿಡ್ಕೊಂಡು ದೊಡ್ಡಾಸ್ಪತ್ರೆಗೆ ಹೋಗಿ. ಮೆಡಿಕಲ್‌ನಲ್ಲಿ ಕೇಳಿ ಇನ್ನೊಂದು ಮಾತ್ರೆ ತಗೋಬೇಡಿ. ಗುಣವಾದ ಮೇಲೂ ಆ ಔಷಧಿ ಮತ್ತೆ ಮುಟ್ಟುವಂತಿಲ್ಲ. ಕಂಪನಿ ಹೆಸರು ಬೇರೆ ಇದ್ದರೂ ಒಳಗಿನ ಔಷಧಿ ಅದೇ ಇರಬಹುದು, ಹೆಸರು ಬರೆದಿಟ್ಟುಕೊಳ್ಳಿ.

ಔಷಧಿ ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ಸಹಾಯವಾಣಿ: 1800-180-3024.