ಅಠಾರ ಕಚೇರಿಯಲ್ಲಿ ಉಳಿದ ಹಕ್ಕು

1975ರ ಜೂನ್ 26ರ ಬೆಳಿಗ್ಗೆ ಬೆಂಗಳೂರಿನ ಶಾಸಕರ ಭವನಕ್ಕೆ ಪೊಲೀಸರು ಬಂದರು. ಪಕ್ಷಾಂತರ ತಡೆ ಮಸೂದೆಯನ್ನು ಪರಿಶೀಲಿಸುವ ಸಂಸದೀಯ ಸಮಿತಿಯ ಸಭೆಗಾಗಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಊರಿಗೆ ಬಂದಿದ್ದರು. ಹಿಂದಿನ ರಾತ್ರಿ ದೆಹಲಿಯಲ್ಲಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಯ ಸಹಿ ಬಿದ್ದಿತ್ತು. ನಾಲ್ವರೂ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದರು.

ತುರ್ತುಪರಿಸ್ಥಿತಿಯ ಚರಿತ್ರೆಯನ್ನು ಸಾಮಾನ್ಯವಾಗಿ ದೆಹಲಿಯಿಂದ ಬರೆಯುತ್ತಾರೆ. ಆದರೆ ವ್ಯಕ್ತಿಸ್ವಾತಂತ್ರ್ಯದ ಮಟ್ಟಿಗೆ ಅದರ ಮುಖ್ಯ ಅಧ್ಯಾಯಗಳು ರಾಜ್ಯಗಳಲ್ಲೇ ನಡೆದವು. ಆಂತರಿಕ ಭದ್ರತಾ ಕಾಯ್ದೆ, ಅಂದರೆ ಜನರ ಬಾಯಲ್ಲಿ ಉಳಿದ ‘ಮೀಸಾ’, ಬಂಧನಾಜ್ಞೆ ಹೊರಡಿಸುವ ಅಧಿಕಾರವನ್ನು ಸರ್ಕಾರಗಳಿಗಷ್ಟೇ ಅಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ನಗರದ ಪೊಲೀಸ್ ಕಮಿಷನರಿಗೂ ಕೊಟ್ಟಿತ್ತು. ಜೈಲು ರಾಜ್ಯದ್ದು, ಕಾವಲುಗಾರರು ರಾಜ್ಯದವರು. ಶಾ ಆಯೋಗದ ಲೆಕ್ಕದಂತೆ ದೇಶದಲ್ಲಿ ಮೀಸಾ ಅಡಿ ಸೆರೆಯಾದವರು 34,988 ಮಂದಿ. ಅವರಲ್ಲಿ ಯಾರೇ ಆಗಲಿ, ಮೊದಲು ತಟ್ಟಬಹುದಾಗಿದ್ದ ಬಾಗಿಲು ತಮ್ಮ ರಾಜ್ಯದ ಹೈಕೋರ್ಟಿನದೇ.

ಆ ಬಾಗಿಲಿಗೂ ಅಗುಳಿ ಹಾಕುವ ಪ್ರಯತ್ನ ಬೇಗನೆ ನಡೆಯಿತು. ಸಮಾನತೆ, ಜೀವ, ಸ್ವಾತಂತ್ರ್ಯದ ಹಕ್ಕುಗಳಿಗಾಗಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ ಎಂದು ಜೂನ್ 27ರಂದು ರಾಷ್ಟ್ರಪತಿಯ ಆದೇಶ ಬಂತು. ಬಂಧನಕ್ಕೆ ಕಾರಣ ತಿಳಿಸಬೇಕಾಗಿಲ್ಲ ಎಂಬ ಸುಗ್ರೀವಾಜ್ಞೆ ಅದರ ಬೆನ್ನಿಗೇ ಹೊರಟಿತು.

ಹೀಗಿದ್ದೂ ಬೆಂಗಳೂರಿನ ವಕೀಲರು ಆ ನಾಲ್ವರ ಪರ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಸ್ಥಳೀಯವಾಗಿ ಎಂ. ರಾಮಾ ಜೋಯಿಸ್, ಎನ್. ಸಂತೋಷ್ ಹೆಗ್ಡೆ ಅವರಂಥವರು ಪ್ರಕರಣದ ಭಾರ ಹೊತ್ತರು. ವಾದಕ್ಕೆ ಎಂ.ಸಿ. ಛಾಗ್ಲಾ, ಶಾಂತಿಭೂಷಣ್ ಹೊರಗಿನಿಂದ ಬಂದರು. ಆ ದಿನಗಳಲ್ಲಿ ಬಂಧಿತರ ಪರ ವಕಾಲತ್ತಿಗೆ ಸಹಿ ಹಾಕುವುದೆಂದರೆ ತಾನೇ ಜೈಲಿಗೆ ಹೋಗಲು ಸಿದ್ಧನಾದಂತೆ. ರಾಮಾ ಜೋಯಿಸರ ಪಾಲಿಗೆ ಆದದ್ದೂ ಅದೇ. ಅವರೂ ಮೀಸಾ ಕೈದಿಯಾಗಿ, ತಾವು ಯಾರ ಪರ ನಿಂತಿದ್ದರೋ ಅವರಿದ್ದ ಜೈಲನ್ನೇ ಸೇರಿದರು.

ಹೈಕೋರ್ಟ್ ಇರುವ ಅಠಾರ ಕಚೇರಿಯ ಕೆಂಪು ಕಟ್ಟಡದಲ್ಲಿ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರಿದ್ದ ಪೀಠ ತಳೆದ ನಿಲುವು ಸರಳವಾಗಿತ್ತು. ಮೂಲಭೂತ ಹಕ್ಕಿನ ಜಾರಿ ಅಮಾನತಾಗಿರಬಹುದು. ಬಂಧನಾಜ್ಞೆ ಮೀಸಾ ಕಾಯ್ದೆಯ ಚೌಕಟ್ಟಿನೊಳಗಿದೆಯೇ ಎಂದು ನೋಡುವ ಕೋರ್ಟಿನ ಅಧಿಕಾರ ಅದರಿಂದ ಹೋಗುವುದಿಲ್ಲ. ಆದ್ದರಿಂದ ಅರ್ಜಿಗಳು ವಿಚಾರಣೆಗೆ ಅರ್ಹ. ಇದು ಯಾರನ್ನೂ ಬಿಡುಗಡೆ ಮಾಡಿದ ತೀರ್ಪಲ್ಲ, ‘ನಾವು ಕೇಳುತ್ತೇವೆ’ ಎಂಬ ಮಾತು ಮಾತ್ರ. ಅಷ್ಟನ್ನು ಹೇಳಲೂ ಎದೆ ಗಟ್ಟಿಯಿರಬೇಕಾಗಿತ್ತು. ಅಲಹಾಬಾದ್, ದೆಹಲಿ, ಮಧ್ಯಪ್ರದೇಶ, ರಾಜಸ್ಥಾನದ ಹೈಕೋರ್ಟುಗಳೂ ಬೇರೆ ಬೇರೆ ದಾರಿಯಲ್ಲಿ ಇದೇ ನಿಲುವಿಗೆ ಬಂದಿದ್ದವು.

ಇವೆಲ್ಲದರ ಮೇಲ್ಮನವಿಗಳು ಸುಪ್ರೀಂ ಕೋರ್ಟಿನಲ್ಲಿ ಒಂದಾದವು. ಜಬಲ್‌ಪುರದ ಒಬ್ಬ ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟರ ಪದನಾಮವೇ ಪ್ರಕರಣದ ಹೆಸರಾಯಿತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೈಕೋರ್ಟುಗಳ ನಿಲುವನ್ನು ತಳ್ಳಿಹಾಕಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿಯಾದರು. ಚಂದ್ರಶೇಖರ್ ಅವರನ್ನು ಅಲಹಾಬಾದಿಗೆ ವರ್ಗಾಯಿಸಲಾಯಿತು. 1976ರಲ್ಲಿ ಹೀಗೆ ಊರು ಬಿಟ್ಟ ಹೈಕೋರ್ಟ್ ನ್ಯಾಯಮೂರ್ತಿಗಳು ಹದಿನಾರು ಮಂದಿ.

ತೀರ್ಪಿನ ಪರಿಣಾಮವೇನೆಂದು ತಿಳಿಯಲು ಬೆಂಗಳೂರು ಬಹಳ ದಿನ ಕಾಯಬೇಕಾಗಲಿಲ್ಲ. ಮೂರನೆಯ ದಿನ, ಮೇ 1ರಂದು, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದೊಯ್ದು, ಅಣ್ಣ ಎಲ್ಲಿದ್ದಾನೆಂದು ಕೇಳುತ್ತ ಚಿತ್ರಹಿಂಸೆ ಕೊಟ್ಟರು. ಮರುದಿನ ಸ್ನೇಹಲತಾ ರೆಡ್ಡಿ ಬಂಧನವಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರು ಅವರನ್ನು ಬಲ್ಲರು. ಜಾರ್ಜ್ ಮುಖ್ಯ ಆರೋಪಿಯಾಗಿದ್ದ ಬರೋಡಾ ಡೈನಮೈಟ್ ಪ್ರಕರಣದ ನೆಪದಲ್ಲಿ ಒಯ್ದರೂ ಅವರ ಮೇಲೆ ಆರೋಪ ಹೊರಿಸಲೇ ಇಲ್ಲ. ಮೀಸಾ ಹಾಕಿದರೆ ಅದರ ಅಗತ್ಯವೂ ಇರಲಿಲ್ಲ. ತೀವ್ರ ಆಸ್ತಮಾ ಇದ್ದ ಹೆಂಗಸು ಎಂಟು ತಿಂಗಳು ಜೈಲಿನಲ್ಲಿ ಕಳೆದರು. ರಾತ್ರಿಯ ಹೊತ್ತು ಅವರ ಕೂಗು ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ದಂಡವತೆ ಮುಂದೆ ನೆನಪಿಸಿಕೊಂಡಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದವರು ಐದೇ ದಿನಕ್ಕೆ, ಜನವರಿ 20ರಂದು ತೀರಿಕೊಂಡರು. ಅರ್ಜಿ ಕೇಳುವ ಕೋರ್ಟೊಂದು ಆಗ ತೆರೆದಿದ್ದರೆ, ಆರೋಪವಿಲ್ಲದ ಈ ರೋಗಿಯನ್ನು ಯಾಕೆ ಕೂಡಿಹಾಕಿದ್ದೀರಿ ಎಂದು ಯಾರಾದರೂ ಕೇಳಬಹುದಿತ್ತು.

ಸ್ನೇಹಲತಾ ಸೆರೆಯಲ್ಲಿ ಬರೆದ ದಿನಚರಿಯನ್ನು 1977ರಲ್ಲಿ ಕರ್ನಾಟಕ ಮಾನವ ಹಕ್ಕುಗಳ ಸಮಿತಿ ಪ್ರಕಟಿಸಿತು. 1976ರ ಅಕ್ಟೋಬರಿನಲ್ಲಿ ಜಯಪ್ರಕಾಶ್ ನಾರಾಯಣ್ ಹುಟ್ಟುಹಾಕಿದ್ದ ಸಂಘಟನೆ 1980ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ (ಪಿಯುಸಿಎಲ್) ಆಗಿ ರೂಪುಗೊಂಡು, ರಾಜ್ಯ ಘಟಕಗಳ ಮೂಲಕ ಬೇರೂರಿತು. 44ನೇ ತಿದ್ದುಪಡಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯ ಕೈಗೂ ನಿಲುಕದಂತೆ ಮಾಡಿತು. ಅಲಹಾಬಾದಿಗೆ ಹೋಗಿದ್ದ ಚಂದ್ರಶೇಖರ್ 1978ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಅಠಾರ ಕಚೇರಿಗೆ ಮರಳಿದರು.

ಜಬಲ್‌ಪುರ ತೀರ್ಪು ಮಾತ್ರ ನಾಲ್ಕು ದಶಕ ಹಾಗೆಯೇ ಉಳಿಯಿತು. ಅದನ್ನು ಕೆಡವಿದ ಪ್ರಕರಣವೂ ಬೆಂಗಳೂರಿನದೇ ಎನ್ನಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ 86ನೇ ವಯಸ್ಸಿನಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. ಅದರಿಂದ ಹುಟ್ಟಿದ 2017ರ ಆಗಸ್ಟ್ 24ರ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರುವುದರ ಜೊತೆಗೆ 1976ರ ಬಹುಮತವನ್ನು ಸ್ಪಷ್ಟವಾಗಿ ರದ್ದುಗೊಳಿಸಿತು. ಹಾಗೆ ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ಆ ಬಹುಮತದಲ್ಲಿದ್ದವರು.

ರಾಜ್ಯದ ಮಟ್ಟದ ಹೋರಾಟ ಅಲ್ಲಿಗೆ ಮುಗಿದಿಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಪ್ರತಿಭಟನೆಗಳು ಏಳುತ್ತಿದ್ದಾಗ ಬೆಂಗಳೂರಿನ ಪೊಲೀಸ್ ಕಮಿಷನರ್ 144ನೇ ಸೆಕ್ಷನ್ ಜಾರಿಗೊಳಿಸಿದರು. 2020ರ ಫೆಬ್ರುವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಆ ಆದೇಶ ಕಾನೂನುಬಾಹಿರ ಎಂದಿತು. ಇನ್ನು ಹಳೆಯ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಸಂಚಾರದ ತೊಂದರೆಯ ಕಾರಣಕ್ಕೆ, ನಗರದ ಧರಣಿ, ಪ್ರತಿಭಟನೆಗಳು ಅಲ್ಲಿ ಮಾತ್ರ ನಡೆಯಬೇಕೆಂದು 2022ರಲ್ಲಿ ಅದೇ ಹೈಕೋರ್ಟ್ ಹೇಳಿತು. ಬೆಂಗಳೂರಿನಲ್ಲಿ ಘೋಷಣೆ ಕೂಗಬೇಕೆಂದರೆ ಜನ ಇಂದು ಸ್ನೇಹಲತಾ ಇದ್ದ ಜೈಲಿನ ಅಂಗಳಕ್ಕೇ ಹೋಗುತ್ತಾರೆ.