ನೀರಿಳಿದಾಗ ಕಾಣುವ ಚರಿತ್ರೆ

ಕಾರ್ಗಲ್ ಸೀಮೆಯ ಚರಿತ್ರೆಯನ್ನು ಹುಡುಕಹೊರಟವನು ನೀರಿಳಿಯುವ ತನಕ ಕಾಯಬೇಕೆಂಬುದು ನನ್ನ ಅನುಭವ. ಊರಿನ ಪಕ್ಕದಲ್ಲೇ ಶರಾವತಿಗೆ ಅಡ್ಡಲಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರನ್ನು ತಡೆದು ನಿಲ್ಲಿಸುತ್ತದೆ. ಆ ನೀರಿನಡಿ ಗದ್ದೆ, ಅಡಕೆ ತೋಟ, ಕಾಡುಗಳೊಡನೆ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರಕ್ಕೆ ಮೊದಲು ನೀರೊದಗಿಸಿದ್ದು ಅದೇ. ಅಣೆಕಟ್ಟನ್ನು ಅಣೆಕಟ್ಟೇ ನುಂಗಿದ ವಿಚಿತ್ರವಿದು! ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು ತನ್ನ ಸೈಫನ್ನುಗಳ ಸಮೇತ ಮೇಲೇಳುತ್ತದೆ. ಬಲ್ಲವರು ನೋಡಲು ಹೋಗುತ್ತಾರೆ.

ಗುಡ್ಡದ ನೆತ್ತಿಗಳು ದ್ವೀಪಗಳಾದವು. ಹಿನ್ನೀರಿನಾಚೆಯ ತುಮರಿಯವರು ಸಾಗರದ ಪೇಟೆಗೆ ಬರಲು ದಶಕಗಳ ಕಾಲ ಲಾಂಚನ್ನೇ ನೆಚ್ಚಿದರು. ಸಿಗಂದೂರಿನ ಸೇತುವೆ ತೆರೆದದ್ದು 2025ರಲ್ಲಿ. ಒಕ್ಕಲೆದ್ದು ಹೋದವರಲ್ಲಿ ಹಲವರಿಗೆ ಜಮೀನಿನ ಹಕ್ಕುಪತ್ರವಂತೂ ಇಂದಿಗೂ ಕೈಸೇರಿಲ್ಲ.